ಮರುಮುದ್ರಣದ ಧರ್ಮ: ಸಂಟಾನಾ ತಂಡದ ‘ಅಬ್ರಾಕ್ಸಸ್’

ಪ್ರಾಚೀನ ಕಾವ್ಯವೊಂದನ್ನು ಸಂಪಾದಿಸಿ ಅಚ್ಚುಹಾಕಿಸುವವನಿಗೆ ಎರಡು ಹೊಣೆಗಳುಂಟು. ಪಾಠವನ್ನು ಶುದ್ಧಗೊಳಿಸುವುದು ಒಂದು; ಆ ಪಾಠವು ಯಾವ ಓಲೆಯ ಪ್ರತಿಯಿಂದ ಬಂದುದೆಂಬುದನ್ನು ಮರೆಮಾಚದೆ ತಿಳಿಸುವುದು ಇನ್ನೊಂದು. ಮೊದಲನೆಯದರಲ್ಲಿ ಎಷ್ಟು ನಿಪುಣನಾದರೂ ಎರಡನೆಯದರಲ್ಲಿ ತಪ್ಪಿದವನ ಗ್ರಂಥವನ್ನು ವಿದ್ವಾಂಸರು ನೆಚ್ಚರು. ಹಳೆಯ ಗಾನಮುದ್ರಿಕೆಗಳನ್ನು ಹೊಸದಾಗಿ ಹೊರಡಿಸುವವರಿಗೂ ಈ ಧರ್ಮವೇ ಸಲ್ಲುವುದೆಂಬುದನ್ನು ಅಮೆರಿಕೆಯ ಒಂದು ಪ್ರಸಂಗವು ಚೆನ್ನಾಗಿ ತೋರಿಸುತ್ತದೆ.

ಅಮೆರಿಕೆಯ ದಕ್ಷಿಣ ಪ್ರಾಂತಗಳ ಕರಿಯ ಜನರ ದುಃಖಗಾನವೇ ಬ್ಲೂಸ್. ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ಮತ್ತು ಅಮೆರಿಕೆಯ ತರುಣರು ಅದನ್ನು ವಿದ್ಯುತ್ ಗಿಟಾರಿನೊಡನೆ ಕೂಡಿಸಿ ಬ್ಲೂಸ್ ರಾಕ್ ಎಂಬ ಹೊಸ ಕವಲನ್ನು ಬೆಳೆಸಿದರು. ಕಾರ್ಲೋಸ್ ಸಂಟಾನಾ ಎಂಬ ಗಿಟಾರುವಾದಕನ ತಂಡವು ೧೯೭೦ರಲ್ಲಿ ಹೊರತಂದ ‘ಅಬ್ರಾಕ್ಸಸ್’ ಆ ಕವಲಿನ ಪ್ರಸಿದ್ಧ ಫಲ. ಅದರ ‘ಬ್ಲ್ಯಾಕ್ ಮ್ಯಾಜಿಕ್ ವುಮನ್’ ಗೀತವು ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನನದು; ‘ಓಯೆ ಕೋಮೊ ವಾ’ ಎಂಬುದು ಟೀಟೊ ಪ್ವೆಂಟೆಯ ರಚನೆ. ಇಂಗ್ಲೆಂಡಿನ ಬ್ಲೂಸಿಗೂ ಲ್ಯಾಟಿನ್ ಅಮೆರಿಕೆಯ ತಾಳಕ್ಕೂ ಇಲ್ಲಿ ನಂಟು ಬೆಳೆದಿದೆ. ಗಿಟಾರಿನ ಒಂದೇ ಸ್ವರವು ದೀರ್ಘವಾಗಿ ನಿಂತು ಕರಗುತ್ತಿರುವಾಗ, ಅದರ ಕೆಳಗೆ ಕಾಂಗಾ, ಟಿಂಬಾಲೆ ಎಂಬ ಚರ್ಮವಾದ್ಯಗಳ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಬೇಕು. ಮುದ್ರಣವು ಕೆಟ್ಟರೆ ಎರಡೂ ಕಲಸಿಹೋಗುವುವು. ಆದುದರಿಂದ ಈ ಕೃತಿಗೆ ಉತ್ತಮ ಮುದ್ರಣವನ್ನು ಬಯಸುವುದು ಬರಿಯ ಶೋಕಿಯಲ್ಲ.

೨೦೧೬ರಲ್ಲಿ ‘ಮೊಬೈಲ್ ಫಿಡೆಲಿಟಿ ಸೌಂಡ್ ಲ್ಯಾಬ್’ ಎಂಬ ಸಂಸ್ಥೆಯು ಇದರ ೨,೫೦೦ ಪ್ರತಿಗಳನ್ನು ‘ವನ್‌-ಸ್ಟೆಪ್’ ಎಂಬ ವಿಧಾನದಿಂದ ಹೊರಡಿಸಿತು. ಸಾಮಾನ್ಯ ಕ್ರಮದಲ್ಲಿ ನಾದವನ್ನು ಲ್ಯಾಕರ್ ಲೇಪಿಸಿದ ತಟ್ಟೆಯ ಮೇಲೆ ಕೊರೆದು, ಅದರಿಂದ ಲೋಹದ ಅಚ್ಚನ್ನೂ, ಅದರಿಂದ ಪ್ರತಿಯಚ್ಚನ್ನೂ, ಕೊನೆಗೆ ಒತ್ತುವ ಅಚ್ಚನ್ನೂ ತೆಗೆಯುವರು. ಇಲ್ಲಿಯಾದರೋ ನಡುವಣ ಎರಡನ್ನೂ ಬಿಟ್ಟು ಲ್ಯಾಕರಿನಿಂದಲೇ ಒತ್ತುವ ಅಚ್ಚನ್ನು ಪಡೆದರು. ತಟ್ಟೆಯು ನಿಮಿಷಕ್ಕೆ ೪೫ ಸುತ್ತು ತಿರುಗುವುದರಿಂದ ನಾದಕ್ಕೆ ದೊರೆಯುವ ಗೆರೆಯೂ ಉದ್ದವಾಗುವುದು. ಫಲವನ್ನು ರಸಿಕರು ಮನಸಾರೆ ಹೊಗಳಿದರು. ಕೊರತೆಯೂ ಇಲ್ಲದಿಲ್ಲ. ಮೂಲದ ಎರಡು ಮುಖಗಳು ನಾಲ್ಕಾಗಿ ಒಡೆದುವು. ಒಂದರೊಳಗೊಂದು ಹರಿಯುವ ಗೀತಗಳ ನಡುವೆ ಕೇಳುಗನು ಎದ್ದು ತಟ್ಟೆಯನ್ನು ಮಗುಚಬೇಕಾಯಿತು. ನಾದದ ಲಾಭಕ್ಕೆ ಬಂಧದ ನಷ್ಟವು ಬೆಲೆಯಾಯಿತು.

ಇದಕ್ಕಿಂತ ಗುರುತರವಾದ ಸಂಗತಿಯು ೨೦೨೨ರಲ್ಲಿ ಹೊರಬಿದ್ದಿತು. ಅದೇ ಸಂಸ್ಥೆಯು ಮೈಕೆಲ್ ಜ್ಯಾಕ್ಸನ್ನನ ‘ಥ್ರಿಲ್ಲರ್’ ಮುದ್ರಿಕೆಯ ೪೦,೦೦೦ ಪ್ರತಿಗಳನ್ನು ವನ್‌-ಸ್ಟೆಪ್ ವಿಧಾನದಲ್ಲಿಯೇ ಒತ್ತುವುದಾಗಿ ಪ್ರಕಟಿಸಿತ್ತು. ಈ ವಿಧಾನದ ಅಚ್ಚು ಬೇಗ ಸವೆಯುವುದು. ಮತ್ತೆಮತ್ತೆ ಹೊಸ ಲ್ಯಾಕರನ್ನು ಕೊರೆಯಬೇಕಾಗುವುದು. ಅಷ್ಟು ಸಲ ಮೂಲ ಟೇಪನ್ನು ಓಡಿಸಲು ಯಾರು ತಾನೆ ಒಪ್ಪುವರು? ಲೆಕ್ಕವು ಕೂಡದಾಯಿತು. ಆ ಜುಲೈ ತಿಂಗಳಲ್ಲಿ ಅರಿಜೋನಾದ ಮುದ್ರಿಕಾವ್ಯಾಪಾರಿಯೊಬ್ಬನು ಪ್ರಶ್ನೆಯೆತ್ತಲು, ಟೇಪಿಗೂ ಲ್ಯಾಕರಿಗೂ ನಡುವೆ ನಾದವನ್ನು ಅಂಕಿಗಳಾಗಿ ಬರೆದಿಡುವ ಡಿಜಿಟಲ್ ಪ್ರತಿಯೊಂದಿದೆಯೆಂದು ಸಂಸ್ಥೆಯ ತಂತ್ರಜ್ಞರೇ ಒಪ್ಪಿಕೊಂಡರು. ೨೦೧೧ರಿಂದ ಹಲವು ಮುದ್ರಿಕೆಗಳಲ್ಲಿ ಈ ಕ್ರಮವು ನಡೆದುಬಂದಿತ್ತು. ‘ಅಬ್ರಾಕ್ಸಸ್’ ಸಹ ಅವುಗಳಲ್ಲೊಂದು. ಸಂಸ್ಥೆಯು ಕ್ಷಮೆ ಕೇಳಿತು. ವ್ಯಾಜ್ಯವೂ ನಡೆದು ರಾಜಿಯಾಯಿತು.

ವರ್ಷಗಟ್ಟಲೆ ಯಾರ ಕಿವಿಗೂ ಗೊತ್ತಾಗದುದು ದೋಷವೇ ಅಲ್ಲವೆಂದು ಕೆಲವರು ವಾದಿಸಿದರು. ತಟ್ಟೆಗಳೇ ನಿಷ್ಪ್ರಯೋಜಕವೆಂದು ಕೆಲವರು ಕೋಪಗೊಂಡರು. ಎರಡು ಪಕ್ಷಗಳೂ ಅರ್ಧಸತ್ಯವನ್ನು ಹಿಡಿದಿವೆ. ನಿನ್ನೆ ಇಂಪಾಗಿದ್ದ ತಟ್ಟೆಯು ಇಂದು ಒಂದು ಸುದ್ದಿಯನ್ನು ಕೇಳಿದ ಮಾತ್ರಕ್ಕೆ ಅಪಸ್ವರವಾಗದು. ಆದರೆ ಕೊಂಡವನು ಹಣ ತೆತ್ತುದು ಇಂಪಿಗೆ ಮಾತ್ರವಲ್ಲ, ವಂಶಾವಳಿಗೂ ಹೌದು. ವಂಶಾವಳಿಯನ್ನು ಹೇಳುವಾಗ ಒಂದು ತಲೆಮಾರನ್ನು ನುಂಗಿಬಿಡುವುದು ನ್ಯಾಯವಲ್ಲ.

ವಿಪರ್ಯಾಸವೆಂದರೆ, ಅಡಗಿಸಿದ ಆ ಹಂತವು ನಾಚಿಕೆಗೆ ತಕ್ಕುದೇ ಆಗಿರಲಿಲ್ಲ. ಟೇಪು ಓಡಿದಷ್ಟೂ ಸವೆಯುವುದು. ಒಡೆಯರು ಅದನ್ನು ಭಂಡಾರದಿಂದ ಹೊರಗೆ ಕಳುಹಿಸಲು ಹಿಂಜರಿಯುವರು. ೨೦೦೮ರ ಜೂನ್ ೧ರಂದು ಹಾಲಿವುಡ್ಡಿನ ಯೂನಿವರ್ಸಲ್ ಆವರಣದಲ್ಲಿ ಬೆಂಕಿ ಬಿದ್ದು ಸಂಗೀತದ ಮೂಲ ಟೇಪುಗಳು ನಾಶವಾದುವು. ನಷ್ಟವೆಷ್ಟೆಂಬುದು ಮಾತ್ರ ವಿವಾದಗ್ರಸ್ತವಾಗಿದೆ. ಓಲೆಯ ಕಟ್ಟಿಗೆ ಗೆದ್ದಲು ಹತ್ತುವ ಮೊದಲೇ ಪ್ರತಿಮಾಡಿಟ್ಟವನನ್ನು ಯಾರೂ ನಿಂದಿಸರು. ಸಂಸ್ಥೆಯು ತನ್ನ ಕ್ರಮವನ್ನು ಮೊದಲೇ ಸಾರಿದ್ದರೆ ಅದು ಮೂಲವನ್ನು ಕಾಪಾಡಿದ ಕಾರ್ಯವೆಂದು ಎನಿಸಿಕೊಳ್ಳುತ್ತಿತ್ತು. ಮೌನದಿಂದ ಅದೇ ಕಾರ್ಯವು ವಂಚನೆಯಂತೆ ತೋರಿತು.

ಮುಂದೆ ಇಂತಹ ಮುದ್ರಿಕೆಗಳನ್ನು ಕೊಳ್ಳುವವರು ತಟ್ಟೆಯ ತೂಕ, ಪೆಟ್ಟಿಗೆಯ ಅಂದ, ಪ್ರತಿಗಳ ವಿರಳತೆ ಇವುಗಳಿಗೆ ಮರುಳಾಗದೆ, ನಾದವು ಯಾವ ಟೇಪಿನಿಂದ, ಯಾವ ಯಾವ ಹಂತಗಳನ್ನು ದಾಟಿ ಬಂದಿದೆಯೆಂದು ಕೇಳುವುದು ಯುಕ್ತ. ಹೊರಡಿಸುವವರು ಅದನ್ನು ಹೊದಿಕೆಯ ಮೇಲೆಯೇ ಅಚ್ಚುಹಾಕಿಸುವುದು ಇನ್ನೂ ಯುಕ್ತ.