ಉಗ್ರಾಣದ ಲೆಕ್ಕ
ಡೆಬಿಯನ್ ಯಂತ್ರದಲ್ಲಿ ಏನೇನು ತಂತ್ರಾಂಶವಿದೆ ಎಂದು ‘ಆಪ್ಟ್ ಲಿಸ್ಟ್ --ಇನ್‌ಸ್ಟಾಲ್ಡ್’ ಆದೇಶ ಬಣ್ಣ ಹಚ್ಚಿ ಚೆಂದವಾಗಿ ತೋರಿಸುತ್ತದೆ. ಆದರೆ ಆ ಉತ್ತರವನ್ನು ಸ್ಕ್ರಿಪ್ಟಿಗೆ ದಾಟಿಸಹೋದರೆ, ನನ್ನ ರೂಪ ಸ್ಥಿರವಲ್ಲ, ಜೋಕೆ ಎಂದು ತಾನೇ ಎಚ್ಚರಿಸುತ್ತದೆ. ಹಾಗಾಗಿ ನನ್ನ ಒಲವು ‘ಡಿಪಿಕೆಜಿ-ಕ್ವೆರಿ’ ಆದೇಶದ ಕಡೆಗೆ. ಹೆಸರೊಂದೇ ಸಾಕೇ, ಆವೃತ್ತಿಯೂ ಬೇಕೇ, ಗಾತ್ರವೂ ಬೇಕೇ? ಕೇಳಿದಷ್ಟನ್ನೇ, ಕೇಳಿದ ಕ್ರಮದಲ್ಲೇ ಕೊಡುತ್ತದೆ. ಎಲ್ಲೋ ಮೂಲೆಯಲ್ಲಿ ಸಿಕ್ಕ ಫೈಲು ಯಾವ ಪ್ಯಾಕೇಜಿನದೆಂದು ತಿಳಿಯಲು ದೊಡ್ಡಕ್ಷರದ ‘ಎಸ್’ ಆಯ್ಕೆ ಸಾಕು. ಇದೇ ಆದೇಶ ಕೊಡುವ ಪ್ಯಾಕೇಜುಗಳ ಪಟ್ಟಿಯಲ್ಲಿ ಸಾಲಿನ ಮೊದಲಿಗೆ ‘ಆರ್‌ಸಿ’ ಕಂಡರೆ, ತಂತ್ರಾಂಶ ಹೋಗಿದೆ, ಅದರ ಸೆಟ್ಟಿಂಗುಗಳ ಫೈಲು ಇನ್ನೂ ಉಳಿದಿದೆ ಎಂದರ್ಥ. ಎರಡೇ ಅಕ್ಷರದಲ್ಲಿ ಎಷ್ಟು ಹೇಳಿಬಿಟ್ಟಿತು! ಪ್ಯಾಕೇಜುಗಳ ಸ್ಥಿತಿಯ ಈ ಲೆಕ್ಕ ಇರುವುದು ‘ಸ್ಟೇಟಸ್’ ಎಂಬ ಒಂದು ಸಾದಾ ಪಠ್ಯದ ಫೈಲಿನಲ್ಲಿ. ಯಾರು ಬೇಕಾದರೂ ತೆರೆದು ಓದಬಹುದು.