ಕಾಗೋಡಿನ ಕೊಳಗ: ಒಂದು ಸಂಪಾದಕೀಯದ ವಿಮರ್ಶೆ

ವಿನೋಬರ ಹೆಸರು ಹೊತ್ತ ವಿನೋಬನಗರವಿರುವ ಶಿವಮೊಗ್ಗೆಯ ಪತ್ರಿಕೆಯೊಂದು ಭೂದಾನವನ್ನು ಕೊಂಡಾಡುವುದು ಸಹಜವೇ. ಆದರೆ ಅದೇ ಸಂಪಾದಕೀಯದಲ್ಲಿ ಕಾಗೋಡಿನ ಗೇಣಿದಾರರನ್ನು ಸಂಪ್ರದಾಯಭಂಜಕರೆಂದೂ ಹೊರಗಿನವರ ಮಾತಿಗೆ ಮರುಳಾದವರೆಂದೂ ಜರೆದಿರುವುದನ್ನು ನಾವು ಒಪ್ಪಲಾರೆವು. ಪೋಚಂಪಳ್ಳಿಯಲ್ಲಿ ಭೂದಾನ ಮೊದಲಾದುದು 1951ರ ಏಪ್ರಿಲಿನಲ್ಲಿ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ನಾಯಕತ್ವದ ಸತ್ಯಾಗ್ರಹವೂ ಆ ತಿಂಗಳಿನದೇ. ಲೋಹಿಯಾ ಅವರು ಬಂದು ಬಂಧಿತರಾದುದು ಜೂನಿನಲ್ಲಿ. ಗೇಣಿದಾರರ ಬೇಡಿಕೆಯಾದರೂ ಏನು? ಗೇಣಿಯ ಭತ್ತವನ್ನು ಒಡೆಯರ ದೊಡ್ಡ ಕೊಳಗದಿಂದ ಅಳೆಯದೆ ಸರಿಯಳತೆಯ ಕೊಳಗದಿಂದ ಅಳೆಯಬೇಕೆಂಬುದು. ಕೊಳಗವನ್ನು ಹಿಗ್ಗಿಸಿದವರಿಂದಲೇ ಸಂಪ್ರದಾಯ ಕೆಟ್ಟಿತೆನ್ನಬೇಡವೆ? ಸಂಪಾದಕೀಯದ ಭಾಷೆಯೇನೋ ಸೊಗಸಾಗಿದೆ. ಕೊಳಗವೆಂಬ ಶಬ್ದ ಮಾತ್ರ ಅದರಲ್ಲಿ ಒಮ್ಮೆಯೂ ಬಂದಿಲ್ಲ. ದಾನವು ಕೊಡುವವನ ಮರ್ಜಿ, ಅಳತೆ ಹಾಗಲ್ಲ. ಮಲೆನಾಡಿನ ಗೇಣಿದಾರನು ಭೂಮಿಯ ಒಡೆಯನಾದದ್ದೂ 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಿಂದಲೇ.