ಲೆಕ್ಕ ತಪ್ಪಿತೋ, ಭಾಷೆ ತಪ್ಪಿತೋ?

ಕೊಕ್ಕಡದಂತಹ ಊರುಗಳಲ್ಲಿ ಹಲವು ಮಕ್ಕಳ ಮನೆಮಾತು ಬ್ಯಾರಿ ಅಥವಾ ತುಳು. ಕನ್ನಡ ಶಾಲೆಯಲ್ಲಿ ಕಲಿಯುವ ಭಾಷೆ. ಅವರಿಗೂ 2023ರ ಮಾರ್ಚ್‌ನಲ್ಲಿ ಐದು ಮತ್ತು ಎಂಟನೇ ತರಗತಿಯ ರಾಜ್ಯಮಟ್ಟದ ಪ್ರಶ್ನೆಪತ್ರಿಕೆ ಬಂತು. ಮರುವರ್ಷ ಒಂಬತ್ತನೆಯದೂ ಸೇರಿತು. 2024ರ ಎಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿತು; ಅಷ್ಟರಲ್ಲಿ ಮಕ್ಕಳು ಬರೆದೂ ಆಗಿತ್ತು!

ಪರೀಕ್ಷೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಸರಕಾರಿ ಶಾಲೆಗೆ ಹೋಗುವ ತಮ್ಮ ಮಗುವಿಗೆ ಓದಲು ಬರುತ್ತದೆಯೇ ಎಂದು ಹೆತ್ತವರಿಗೆ ತಿಳಿಯಬೇಕು. ಆದರೆ ಲೆಕ್ಕವನ್ನು ಉದ್ದನೆಯ ಗ್ರಾಂಥಿಕ ವಾಕ್ಯದಲ್ಲಿ ಕೇಳಿದರೆ ಮಗು ಎಡವುವುದು ಲೆಕ್ಕದಲ್ಲೋ, ವಾಕ್ಯದಲ್ಲೋ? ಅಂಕಪಟ್ಟಿಗೆ ಅದು ಗೊತ್ತಿಲ್ಲ. ಸಾಧ್ಯವಾದಷ್ಟು ಮಾತೃಭಾಷೆಯಲ್ಲೇ ಕಲಿಸಬೇಕೆನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆ, ವರ್ಷವಿಡೀ ನಡೆಯುವ ಮೌಲ್ಯಮಾಪನವನ್ನೂ ಹೇಳಿತ್ತು. ಆ ಕೆಲಸ, ದಿನವೂ ಮಗುವಿನ ಮಾತು ಕೇಳುವ ಶಿಕ್ಷಕಿಯದು.